ಮೈಕ್ರೋಪ್ಲಾಸ್ಟಿಕ್ ಚಲನೆಯಲ್ಲಿ ಸಮುದ್ರಜೀವಿಗಳ ಪಾತ್ರ

5 ಮಿ.ಮೀ.ಗಿಂತ ಚಿಕ್ಕದಾದ ಪ್ಲಾಸ್ಟಿಕ್ ಕಣಗಳನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಕಡಲಿನಲ್ಲಿ ಇವುಗಳ ಚಲನೆಯನ್ನು ಗಾಳಿ, ಅಲೆ ಮತ್ತು ಪ್ರವಾಹಗಳಲ್ಲದೆ ಜೀವಿಗಳೂ ನಿರ್ಧರಿಸುತ್ತವೆ.

ಕಡಲನ್ನು ಸೇರುವ ಬಗೆ

ಒಳನಾಡಿನ ಪ್ಲಾಸ್ಟಿಕ್ ಕಸವೂ ನದಿಗಳ ಮೂಲಕ ಕಡಲನ್ನು ಸೇರಬಲ್ಲದು. ದಾವಣಗೆರೆ ನಗರಕ್ಕೆ ಸಮೀಪದ ಹರಿಹರವು ತುಂಗಭದ್ರಾ ನದಿಯ ದಂಡೆಯಲ್ಲಿದೆ. ಈ ನದಿಯು ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆಯು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಅಣೆಕಟ್ಟುಗಳ ಹಿಂದೆ ಒಂದಷ್ಟು ಕಣಗಳು ಹೂಳಿನೊಡನೆ ತಂಗುತ್ತವೆ. ಉಳಿದವು ಮುಂದೆ ಸಾಗಬಲ್ಲವು.

ಮುಳುಗುವಿಕೆ

ಕೈಚೀಲಗಳಿಗೆ ಬಳಸುವ ಪಾಲಿಥಿನ್‌ನ ಸಾಂದ್ರತೆ ಘನ ಸೆಂ.ಮೀ.ಗೆ 0.91ರಿಂದ 0.97 ಗ್ರಾಂ, ಕಡಲನೀರಿನದು ಸುಮಾರು 1.025 ಗ್ರಾಂ. ಆದ್ದರಿಂದ ಪಾಲಿಥಿನ್ ತೇಲುತ್ತದೆ. ಕಣದ ಮೇಲೆ ಬ್ಯಾಕ್ಟೀರಿಯಾ ಮತ್ತು ಪಾಚಿಗಳು ಪದರವಾಗಿ ಬೆಳೆದಾಗ ಒಟ್ಟು ಸಾಂದ್ರತೆ ಹೆಚ್ಚಿ ಅದು ಮುಳುಗತೊಡಗುತ್ತದೆ. ಬೆಳಕಿಲ್ಲದ ಆಳದಲ್ಲಿ ಪಾಚಿಯು ಸತ್ತು ಕಳಚಿದರೆ ಕಣವು ಮತ್ತೆ ಮೇಲೇರಬಹುದು.

ಆಹಾರ ಮತ್ತು ಮಲದ ಮೂಲಕ ಸಾಗಣೆ

ಕೋಪೆಪಾಡ್ ಮುಂತಾದ ಪ್ರಾಣಿಪ್ಲವಕಗಳು ಕಣಗಳನ್ನು ಆಹಾರದೊಡನೆ ನುಂಗಿ ಮಲದ ಉಂಡೆಗಳಲ್ಲಿ ಹೊರಹಾಕುತ್ತವೆ. ಉಂಡೆಗಳೊಡನೆ ಕಣಗಳೂ ಆಳಕ್ಕೆ ಇಳಿಯುತ್ತವೆ. ಆದರೆ ಹಗುರ ಪ್ಲಾಸ್ಟಿಕ್ ಸೇರಿದ ಉಂಡೆಯು ನಿಧಾನವಾಗಿ ಇಳಿಯುವುದರಿಂದ, ಇಂಗಾಲವನ್ನು ಆಳಕ್ಕೆ ಒಯ್ಯುವ ಸಹಜ ಕ್ರಿಯೆಗೂ ಅಡ್ಡಿಯಾಗಬಹುದು. ಕರ್ನಾಟಕದ ಕರಾವಳಿಯಲ್ಲಿ ಜನರು ತಿನ್ನುವ ಪಚ್ಚಿಲೆಯಂತಹ ಚಿಪ್ಪುಜೀವಿಗಳು ನೀರನ್ನು ಸೋಸಿ ಆಹಾರ ಪಡೆಯುತ್ತವೆ. ಆಗ ಒಳಸೇರಿದ ಕಣಗಳಲ್ಲಿ ಕೆಲವು ಮಲದೊಡನೆ ತಳಕ್ಕೆ ಬೀಳುತ್ತವೆ, ಕೆಲವು ದೇಹದಲ್ಲಿಯೇ ಉಳಿಯಬಹುದು.

ಮಹತ್ವ

ಮೇಲ್ಮೈಯ ಕಣಗಳನ್ನಷ್ಟೇ ಎಣಿಸಿದರೆ ಮಾಲಿನ್ಯದ ಪೂರ್ಣ ಪ್ರಮಾಣ ತಿಳಿಯುವುದಿಲ್ಲ. ಕಣ್ಮರೆಯಾದ ಕಣವು ನಾಶವಾಗಿರುವುದಿಲ್ಲ. ಅದು ಆಳದ ನೀರಿನಲ್ಲಿಯೋ, ತಳದ ಕೆಸರಿನಲ್ಲಿಯೋ, ಜೀವಿಯ ಒಡಲಿನಲ್ಲಿಯೋ ಇರಬಹುದು.