ಹಳೇ ಸಿಸ್ಟಮ್ಮಿಗೆ ಒಪ್ಪುವ ಬೋರ್ಡು

ವರ್ಷಾನುಗಟ್ಟಲೆ ದುಡಿದ ಡೆಸ್ಕ್‌ಟಾಪ್ ಒಂದು ದಿನ ಬೆಳಿಗ್ಗೆ ಫ್ಯಾನೇನೋ ತಿರುಗಿಸುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ‘ಬೋರ್ಡ್ ಹೋಗಿದೆ ಸರ್, ಹೊಸದೇ ತಗೊಂಡ್ಬಿಡಿ’ ಎಂಬ ಉತ್ತರ ಎಲ್ಲ ಊರಿನಲ್ಲೂ ಸಿಗುತ್ತದೆ. ಹಳೆಯ ಮದರ್‌ಬೋರ್ಡ್ ಇಳಿಸಿ, ಅದಕ್ಕೆ ಹೊಂದುವ ಇನ್ನೊಂದನ್ನು ಹುಡುಕಿ ಕೂರಿಸುವ ಕಸುಬು ಇನ್ನೂ ಗಟ್ಟಿಯಾಗಿ ಉಳಿದಿರುವ ಜಾಗಗಳಲ್ಲಿ ಬೆಂಗಳೂರಿನ ಎಸ್‌.ಪಿ. ರಸ್ತೆ ಮುಖ್ಯವಾದದ್ದು. ಕೆ.ಆರ್. ಮಾರುಕಟ್ಟೆಯಿಂದ ನಡೆದೇ ಹೋಗಬಹುದಾದ ಈ ಬೀದಿಯಲ್ಲಿ ಹೊಸ ಲ್ಯಾಪ್‌ಟಾಪ್‌ಗಳ ಮಳಿಗೆಯ ಪಕ್ಕದಲ್ಲೇ ಹಳೇ ಬೋರ್ಡುಗಳ ಅಂಗಡಿಯೂ ಇರುತ್ತದೆ.

ಹಳೆಯದೇ ಬೇಕೆಂದು ಬರುವವರಿಗೆ ಕಾರಣಗಳಿವೆ. ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ಕೂರಿಸುವ ಸಣ್ಣ ಮುದ್ರಣಾಲಯದ ಫೈಲುಗಳೆಲ್ಲ ಯೂನಿಕೋಡ್‌ಗಿಂತ ಹಿಂದಿನ ಅಕ್ಷರಗಳಲ್ಲಿರುತ್ತವೆ. ಕೆಲವು ಹಳೇ ತಂತ್ರಾಂಶಗಳು ಪ್ಯಾರಲೆಲ್ ಪೋರ್ಟಿಗೆ ಸಿಕ್ಕಿಸುವ ಪುಟ್ಟ ಲಾಕ್ ಇಲ್ಲದೆ ತೆರೆಯುವುದೇ ಇಲ್ಲ. ಯುಎಸ್‌ಬಿ ಪರಿವರ್ತಕದ ಕೇಬಲ್ ಹಾಕಿದರೆ ಅಂಥ ಲಾಕ್ ಸಾಮಾನ್ಯವಾಗಿ ಕೆಲಸ ಮಾಡದು. ಲಾರಿ ತೂಗುವ ವೇಬ್ರಿಡ್ಜ್‌ನವರಿಗೆ ಸೀರಿಯಲ್ ಪೋರ್ಟ್ ಬೇಕು. ನಿನ್ನೆ ಆಗುತ್ತಿದ್ದ ಕೆಲಸ ನಾಳೆಯೂ ಆದರೆ ಇವರಿಗೆ ಸಾಕು.

ಒಳ್ಳೆಯ ಮೆಕ್ಯಾನಿಕ್‌ನ ಗುರುತು ನನ್ನ ಮಟ್ಟಿಗೆ ಇಷ್ಟೇ: ಅವನು ಬೋರ್ಡ್ ಬದಲಿಸಲು ಆತುರಪಡುವುದಿಲ್ಲ. ಮೊದಲು ರ‍್ಯಾಮ್ ಬಿಚ್ಚಿ ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜುತ್ತಾನೆ. ನಾಣ್ಯದಂಥ ಸಿಆರ್ 2032 ಬ್ಯಾಟರಿಯಲ್ಲಿ 3 ವೋಲ್ಟ್ ಉಳಿದಿದೆಯೇ ಎಂದು ಮೀಟರ್ ಹಿಡಿಯುತ್ತಾನೆ. ಎಸ್‌ಎಂಪಿಎಸ್‌ನ ದೊಡ್ಡ ಕನೆಕ್ಟರಿನಲ್ಲಿ ಹಸಿರು ತಂತಿಯನ್ನು ಕಪ್ಪಿಗೆ ಮುಟ್ಟಿಸಿ ಅದನ್ನಷ್ಟೇ ಚಾಲೂ ಮಾಡಿ, ಹಳದಿ ತಂತಿಯಲ್ಲಿ 12, ಕೆಂಪಿನಲ್ಲಿ 5 ವೋಲ್ಟ್ ಬರುತ್ತಿದೆಯೇ ನೋಡುತ್ತಾನೆ. ಆಮೇಲೆ ಕಣ್ಣು ಹೋಗುವುದು ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ ಮೇಲೆ. 2000ದ ದಶಕದ ಮೊದಲ ವರ್ಷಗಳ ಬೋರ್ಡುಗಳಲ್ಲಿ ಇವುಗಳ ಒಳಗಿನ ದ್ರಾವಣ ಕಳಪೆಯಾಗಿ ಅನಿಲ ತುಂಬಿಕೊಂಡು ತಲೆ ಉಬ್ಬುವುದು ಜಗತ್ತಿನಾದ್ಯಂತ ಕಂಡ ಕಾಯಿಲೆ. ಉಬ್ಬಿದ್ದು ಎರಡು ಮೂರಾದರೆ ಬೆಸುಗೆ ಹಾಕಿ ಬದಲಿಸಿದರೆ ಮುಗಿಯಿತು, ಬೋರ್ಡಿನ ಖರ್ಚೇ ಉಳಿಯಿತು. ಇದನ್ನು ತಾಳ್ಮೆಯಿಂದ ಮಾಡುವವರು ಕಡಿಮೆಯಾಗುತ್ತಿದ್ದಾರೆ. ಅಂಥವರು ಸಿಕ್ಕರೆ ಕೇಳಿದಷ್ಟು ಕೂಲಿ ಕೊಡುವುದು ನ್ಯಾಯ.

ಇದ್ಯಾವುದೂ ಅಲ್ಲವೆಂದಾದಾಗಲೇ ಜೋಡಿ ಹುಡುಕುವ ಕೆಲಸ. ಅಳತೆಯ ಚಿಂತೆ ಅಷ್ಟಿಲ್ಲ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಮಾದರಿಯ ಸ್ಕ್ರೂ ತೂತುಗಳು ಇಂದಿನ ಅಸೆಂಬಲ್ಡ್ ಕ್ಯಾಬಿನೆಟ್‌ಗಳಿಗೂ ಹೊಂದುತ್ತವೆ. ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ಮಾತ್ರ ಹಲವು ಕಂಪನಿಗಳು ತಮ್ಮದೇ ಕನೆಕ್ಟರ್ ಇಟ್ಟಿರುವುದರಿಂದ ಅದೇ ಮಾಡೆಲ್ಲಿನ ಬೋರ್ಡನ್ನೇ ಹುಡುಕಬೇಕಾಗುತ್ತದೆ. ಸಾಕೆಟ್ ವಿಷಯಕ್ಕೆ ಬಂದರೆ ರಾಜಿಯೇ ಇಲ್ಲ. ಕೋರ್ 2 ಡ್ಯುಯೋಗೆ 775 ಪಿನ್ನಿನದು, ಎರಡನೇ ಮತ್ತು ಮೂರನೇ ಪೀಳಿಗೆಯ ಐ3, ಐ5ಗಳಿಗೆ 1155ರದು. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನುಗಳೇ ಆದರೂ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಇನ್ನೂ ಸೂಕ್ಷ್ಮವಾದದ್ದೊಂದಿದೆ. 2011ರ ಎಚ್61 ಬೋರ್ಡ್ ಮೂರನೇ ಪೀಳಿಗೆಯ ಪ್ರೊಸೆಸರನ್ನು ಒಪ್ಪುತ್ತದೆ ಎನ್ನುತ್ತಾರೆ, ನಿಜ; ಆದರೆ ಮೊದಲ ತಂಡದ ಬೋರ್ಡುಗಳಲ್ಲಿ ಬಯಾಸ್ ಅಪ್‌ಡೇಟ್ ಆಗಿರದಿದ್ದರೆ ಡಿಸ್‌ಪ್ಲೇ ಬರುವುದಿಲ್ಲ. ಇಂಟೆಲ್ ಹೆಸರಿನ ಬೋರ್ಡನ್ನೇ ಕೇಳಿ ಪಡೆಯುವವರು ಈಗಲೂ ಇದ್ದಾರೆ. ತನ್ನ ಡೆಸ್ಕ್‌ಟಾಪ್ ಬೋರ್ಡುಗಳ ವ್ಯವಹಾರವನ್ನು ಮುಚ್ಚುವುದಾಗಿ ಆ ಕಂಪನಿ 2013ರಲ್ಲೇ ಸಾರಿತ್ತು, ಹಾಗಾಗಿ ಅಂಥದ್ದು ಸಿಕ್ಕರೆ ಅದು ಬಳಸಿದ್ದೇ ಇರಬೇಕು.

ಬಳಸಿದ ಬೋರ್ಡ್ ಕೊಳ್ಳುವಾಗ ನೋಡಬೇಕಾದದ್ದು ಸಾಕೆಟ್. ಈ ಇಂಟೆಲ್ ಸಾಕೆಟ್‌ಗಳಲ್ಲಿ ಕೂದಲೆಳೆಯಂಥ ಪಿನ್ನುಗಳು ಇರುವುದು ಬೋರ್ಡಿನಲ್ಲೇ. ಟಾರ್ಚನ್ನು ಓರೆಯಾಗಿ ಹಿಡಿದರೆ ಅವುಗಳ ತುದಿಗಳು ನಾಟಿ ಮಾಡಿದ ಗದ್ದೆಯ ಸಾಲುಗಳಂತೆ ಒಂದೇ ಸಮ ಹೊಳೆಯುತ್ತವೆ; ಬಗ್ಗಿದ್ದು ಒಂದಿದ್ದರೂ ಸಾಲು ಅಲ್ಲಿ ಕದಡಿ ಕಾಣುತ್ತದೆ. ಪ್ರೊಸೆಸರನ್ನು ಎರಡು ಬದಿಯ ಕಚ್ಚು ನೋಡಿ ನೇರವಾಗಿ ಇಳಿಸಬೇಕು, ಬೆರಳಿನಿಂದ ಒತ್ತಲೇಬಾರದು. ಒತ್ತುವ ಕೆಲಸ ಪಕ್ಕದ ಸನ್ನೆಯದು. ಮೇಲೆ ಕಾಳಿನಷ್ಟು ಥರ್ಮಲ್ ಪೇಸ್ಟ್, ಕೂಲರ್‌ನ ನಾಲ್ಕು ಮೂಲೆಯ ಪಿನ್ನುಗಳನ್ನು ಎದುರುಬದುರಾಗಿ ಟಕ್ಕೆನ್ನುವವರೆಗೆ ಒತ್ತುವುದು. ಕ್ಯಾಬಿನೆಟ್‌ನೊಳಗಿನ ಹಿತ್ತಾಳೆ ಗುಬುಟುಗಳನ್ನು ಹೊಸ ಬೋರ್ಡಿನ ತೂತುಗಳಿಗೆ ತಾಳೆ ನೋಡಬೇಕು; ತೂತಿಲ್ಲದ ಕಡೆ ಒಂದು ಉಳಿದುಬಿಟ್ಟರೂ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗಬಹುದು.

ಡಿಸ್‌ಪ್ಲೇ ಬಂದಾಕ್ಷಣ ಕೆಲಸ ಮುಗಿಯುವುದಿಲ್ಲ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿರುವ ವಿಂಡೋಸ್, ಬಯಾಸ್‌ನಲ್ಲಿ ಡಿಸ್ಕ್ ಮೋಡ್ ಐಡಿಇ ಇದ್ದದ್ದು ಎಎಚ್‌ಸಿಐ ಆಗಿದ್ದರೆ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಮೊದಲಿನ ಮೋಡ್‌ಗೇ ತಿರುಗಿಸಿದರೆ ಅನೇಕ ಸಲ ಎದ್ದು ಬರುತ್ತದೆ. ಕಂಪ್ಯೂಟರಿನ ಜೊತೆಗೇ ಬಂದ ವಿಂಡೋಸ್ ಪರವಾನಗಿ ಹಳೇ ಬೋರ್ಡಿಗೆ ಅಂಟಿಕೊಂಡದ್ದು, ಮತ್ತೆ ಆಕ್ಟಿವೇಶನ್ ಕೇಳುತ್ತದೆ. ಎಲ್ಲಕ್ಕಿಂತ ಮೊದಲು, ಹೊಸ ಬೋರ್ಡ್ ಕೂರಿಸುವ ಮುಂಚೆಯೇ, ಆ ಡಿಸ್ಕ್‌ನ ಒಂದು ಪ್ರತಿಯನ್ನು ಬೇರೆ ಡಿಸ್ಕ್‌ಗೆ ತೆಗೆದಿಟ್ಟುಕೊಳ್ಳಬೇಕು. ಬೋರ್ಡ್ ಇನ್ನೊಂದು ಸಿಗುತ್ತದೆ; ಮುದ್ರಣಾಲಯದ ವರ್ಷಗಳ ಫೈಲುಗಳು ಸಿಗುವುದಿಲ್ಲ.

ಎಸ್‌.ಪಿ. ರಸ್ತೆಗೆ ಹೋಗುವವರು ವಾರದ ದಿನ ಹೋಗಿ, ಭಾನುವಾರ ಬಹುತೇಕ ಬಾಗಿಲು ಮುಚ್ಚಿರುತ್ತದೆ. ಹಳೇ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಒಯ್ಯಿರಿ. ನಿಮ್ಮದೇ ಪ್ರೊಸೆಸರ್ ಹಾಕಿಸಿ, ಅಂಗಡಿಯ ಮೇಜಿನ ಮೇಲೆ ಡಿಸ್‌ಪ್ಲೇ ಬಂದದ್ದನ್ನು ಕಣ್ಣಾರೆ ನೋಡಿ, ಎಷ್ಟು ದಿನದ ವಾರಂಟಿ ಎಂದು ಬಿಲ್ಲಿನಲ್ಲಿ ಬರೆಸಿಕೊಂಡ ಮೇಲೆಯೇ ಹಣ ಕೊಡಿ.