ರಾ ಛಾಯಾಚಿತ್ರಗಳ ಸಂಸ್ಕರಣೆ: ಟೋನ್ ಕರ್ವ್ ಹಾಗೂ ವರ್ಣ ಪ್ರೊಫೈಲುಗಳ ಆಯ್ಕೆ

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳು ಹೊಸಪೇಟೆಯೊಂದಿಗೆ ಒಂದೇ ಆಡಳಿತದಡಿ ಬಂದ ತರುವಾಯ, ಹಂಪಿಗೆ ಬರುವ ಪ್ರವಾಸಿಗರನ್ನು ಈ ಕಡೆಗೂ ಕರೆತರಬೇಕೆಂಬ ಆಸೆ ನಮ್ಮ ವರ್ತಕ ಬಾಂಧವರಲ್ಲಿ ಮೂಡುವುದು ಸಹಜ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ವಸತಿಗೃಹ, ಖಾನಾವಳಿ, ಬಾಡಿಗೆ ವಾಹನಗಳ ಮಾಲೀಕರಿಗೆ ಕರಪತ್ರಕ್ಕಾಗಲೀ ಕ್ಯಾಲೆಂಡರಿಗಾಗಲೀ ಒಳ್ಳೆಯ ಭೂದೃಶ್ಯ ಚಿತ್ರಗಳು ಬೇಕು. ಆದರೆ ಅಚ್ಚಾಗಿ ಕೈಗೆ ಬರುವ ಚಿತ್ರಗಳಲ್ಲಿ ಕೂಡ್ಲಿಗಿಯ ಕೆಮ್ಮಣ್ಣು ಕಿತ್ತಳೆಗೆ ತಿರುಗಿರುತ್ತದೆ, ಗುಡೇಕೋಟೆಯ ಬಂಡೆಗಳು ಸುಣ್ಣ ಬಳಿದಂತಿರುತ್ತವೆ, ಆಕಾಶವು ಶಾಯಿ ಚೆಲ್ಲಿದಂತಿರುತ್ತದೆ. ಚಿತ್ರವನ್ನು ನಂಬಿ ಬಂದ ಗಿರಾಕಿ ಎದುರಿನ ಬೆಟ್ಟವನ್ನು ನೋಡಿದಾಗ ಅವನಿಗೆ ಅನುಮಾನ ಬರುವುದು ಬೆಟ್ಟದ ಮೇಲಲ್ಲ, ನಮ್ಮ ಮೇಲೆ. ಕ್ಯಾಮೆರಾದ ದೋಷವೆಂದು ಹೇಳಿ ಕೈತೊಳೆದುಕೊಳ್ಳುವುದುಂಟು. ಬಹುಪಾಲು ಸಂದರ್ಭಗಳಲ್ಲಿ ದೋಷವಿರುವುದು ಯಾರೂ ಆರಿಸದೆ ತಾನಾಗಿಯೇ ಅಳವಟ್ಟ ಟೋನ್ ಕರ್ವ್ ಮತ್ತು ವರ್ಣ ಪ್ರೊಫೈಲುಗಳಲ್ಲಿ.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ರಾ ಕಡತವು ಮೂಲ ವೋಚರು. ಜೆಪೆಗ್ ಚಿತ್ರವು ಅಢಾವೆ ಪತ್ರಿಕೆ. 14 ಬಿಟ್‌ನ ರಾ ಕಡತದಲ್ಲಿ ಬೆಳಕಿನ 16,384 ಹಂತಗಳನ್ನು ದಾಖಲಿಸಬಹುದು. ಜೆಪೆಗ್‌ನಲ್ಲಿ ಪ್ರತಿ ಮೂಲವರ್ಣಕ್ಕೆ ಕೇವಲ 256. ಸಂವೇದಕವು ಬೆಳಕನ್ನು ಗುಮಾಸ್ತನಂತೆ ಎಣಿಸುತ್ತದೆ: ಎರಡರಷ್ಟು ಬೆಳಕಿಗೆ ಎರಡರಷ್ಟು ಸಂಖ್ಯೆ. ಕಣ್ಣಿನ ಲೆಕ್ಕ ಹಾಗಿಲ್ಲ. ಶೇಕಡಾ 18ರಷ್ಟು ಬೆಳಕನ್ನು ಮಾತ್ರ ಹಿಂದಿರುಗಿಸುವ ಬೂದು ಬಣ್ಣವನ್ನು ನಾವು ಕಪ್ಪು ಬಿಳುಪಿನ ನಡುಮಧ್ಯದ್ದೆಂದು ಗ್ರಹಿಸುತ್ತೇವೆ. ಆದುದರಿಂದ ರಾ ಕಡತವನ್ನು ಇದ್ದಂತೆಯೇ ತೋರಿಸಿದರೆ ಚಿತ್ರ ಕಪ್ಪಾಗಿ, ಸಪ್ಪೆಯಾಗಿ ಕಾಣುತ್ತದೆ. ಎಣಿಕೆಯನ್ನು ನೋಟಕ್ಕೆ ಹೊಂದಿಸುವ ಸಾಧನವೇ ಟೋನ್ ಕರ್ವ್. ಸವಕಳಿಯನ್ನು ಸ್ಥಿರ ಕಂತಿನ ಪದ್ಧತಿಯಲ್ಲಿ ಹಾಕಿದರೆ ಒಂದು ಲಾಭ, ಇಳಿಯುವ ಶೇಷದ ಪದ್ಧತಿಯಲ್ಲಿ ಹಾಕಿದರೆ ಇನ್ನೊಂದು ಲಾಭ. ಯಂತ್ರ ಮಾತ್ರ ಅದೇ. ಎರಡೂ ಪದ್ಧತಿಗಳು ಸರಿಯೇ, ಆದರೆ ಅರಿತು ಆರಿಸಿರಬೇಕು. ಇಲ್ಲಿಯೂ ಅಷ್ಟೇ.

ಸಾಮಾನ್ಯವಾಗಿ ಬಳಸುವ ಕರ್ವ್ ಇಂಗ್ಲಿಷಿನ ಎಸ್ ಅಕ್ಷರದ ಆಕಾರದಲ್ಲಿರುತ್ತದೆ. ರೇಖೆ ಎಲ್ಲಿ ಕಡಿದಾಗಿದೆಯೋ ಅಲ್ಲಿನ ನೆರಳು ಬೆಳಕುಗಳ ಅಂತರ ಹಿಗ್ಗುತ್ತದೆ. ಎಲ್ಲಿ ಮಟ್ಟಸವಾಗಿದೆಯೋ ಅಲ್ಲಿ ಕುಗ್ಗುತ್ತದೆ. ಇದು ನಿಗದಿತ ಮೊತ್ತದ ಆಯವ್ಯಯವಿದ್ದಂತೆ. ಮಧ್ಯದ ಬಾಬಿಗೆ ಹೆಚ್ಚು ಕೊಟ್ಟರೆ ತುದಿಯ ಬಾಬುಗಳಲ್ಲಿ ಕಡಿತವಾಗಲೇಬೇಕು. ನಡುಹಗಲಿನಲ್ಲಿ ತೆಗೆದ ಗುಡೇಕೋಟೆಯ ಬಂಡೆಗಳು ಹಿಸ್ಟೋಗ್ರಾಮಿನ ಬಲತುದಿಯಲ್ಲಿ ಗುಂಪುಗೂಡಿರುತ್ತವೆ; ಅಲ್ಲಿ ಕಡಿದಾದ ಎಸ್ ಹಾಕಿದರೆ ಕಲ್ಲಿನ ಒರಟು ಮೈಯೆಲ್ಲ ಒಂದೇ ಬಿಳುಪಾಗಿ ಅಳಿಸಿಹೋಗುತ್ತದೆ. ಎಕ್ಸ್‌ಪೋಷರ್ ತಗ್ಗಿಸಿ, ರೇಖೆಯ ಮೇಲ್ತುದಿಯನ್ನು ನಿಧಾನವಾಗಿ ಬಾಗಿಸುವುದೇ ಯುಕ್ತ. ಅದೇ ಅಂಕಸಮುದ್ರದ ಕೆರೆಯೊಳಗಿನ ಜಾಲಿ ಮರಗಳನ್ನು ಬೆಳಗಿನ ಮಂಜಿನಲ್ಲಿ ತೆಗೆದರೆ ಎಲ್ಲವೂ ಹಿಸ್ಟೋಗ್ರಾಮಿನ ನಡುವೆ ಮುದುಡಿರುತ್ತದೆ. ತುದಿಗಳಲ್ಲಿ ಕಳೆದುಕೊಳ್ಳಲು ಏನೂ ಇಲ್ಲವಾದ್ದರಿಂದ ಅಲ್ಲಿ ಕಡಿದಾದ ರೇಖೆಯೇ ಸೂಕ್ತ. ಒಂದೇ ಕರ್ವನ್ನು ಎಲ್ಲ ಚಿತ್ರಗಳಿಗೂ ಹಚ್ಚುವವರು ಹಿಸ್ಟೋಗ್ರಾಮನ್ನು ಓದಿರುವುದಿಲ್ಲ.

ಕೆಮ್ಮಣ್ಣು ಕಿತ್ತಳೆಯಾಗುವ ಕಾರಣವನ್ನು ಅಂಕಿಗಳಲ್ಲೇ ನೋಡೋಣ. ಮಣ್ಣಿನ ಒಂದು ಬಿಂದುವಿನಲ್ಲಿ ಕೆಂಪು 180, ಹಸಿರು 110, ನೀಲಿ 70 ಇದೆಯೆಂದು ಭಾವಿಸಿ. ಎಸ್ ಕರ್ವನ್ನು ಮೂರಕ್ಕೂ ಪ್ರತ್ಯೇಕವಾಗಿ ಅನ್ವಯಿಸಿದರೆ ಕೆಂಪು 215ಕ್ಕೆ ಏರಿ, ಹಸಿರು 105ರ ಬಳಿ ನಿಂತು, ನೀಲಿ 45ಕ್ಕೆ ಇಳಿಯಬಹುದು. ಬೆಳಕನ್ನಷ್ಟೇ ತಿದ್ದಲು ಹೊರಟವರು ಬಣ್ಣವನ್ನೂ ಗಾಢವಾಗಿಸಿದಂತಾಯಿತು. ಬಿಸಿಲು ಬಿದ್ದ ಭಾಗದಲ್ಲಿ ಕೆಂಪು 255ರ ಛಾವಣಿಗೆ ತಾಗಿ ನಿಲ್ಲುತ್ತದೆ, ಹಸಿರು ಮಾತ್ರ ಏರುತ್ತಲೇ ಇರುತ್ತದೆ. ಆಗ ಕೆಂಪು ಕಿತ್ತಳೆಯಾಗಿ, ಕಿತ್ತಳೆ ಹಳದಿಯಾಗುತ್ತದೆ. ಉಚಿತವಾಗಿ ದೊರೆಯುವ ರಾಥೆರಪಿ ತಂತ್ರಾಂಶದಲ್ಲಿ ಕರ್ವನ್ನು ಅನ್ವಯಿಸುವ ವಿಧಾನಗಳೇ ಹಲವಿವೆ. 'ಸ್ಟ್ಯಾಂಡರ್ಡ್' ವಿಧಾನವು ಮೇಲಿನಂತೆ ವರ್ತಿಸುತ್ತದೆ. 'ಫಿಲ್ಮ್ ಲೈಕ್' ಬಣ್ಣದ ಜಾತಿಯನ್ನು ಉಳಿಸಿ ಗಾಢತೆಯನ್ನು ಏರಲು ಬಿಡುತ್ತದೆ. 'ಪರ್ಸೆಪ್ಚುಯಲ್' ಎರಡನ್ನೂ ಕಣ್ಣಿಗೆ ಮೊದಲಿನಂತೆಯೇ ಇರಿಸಲು ಯತ್ನಿಸುತ್ತದೆ. ನಮ್ಮ ಸೀಮೆಯ ಮಣ್ಣಿಗೆ ಕೊನೆಯದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಅದೇ ತಂತ್ರಾಂಶದ 'ಆಟೋ ಮ್ಯಾಚ್ಡ್' ಗುಂಡಿಯು ರಾ ಕಡತದೊಳಗೆ ಅಡಗಿರುವ ಜೆಪೆಗ್ ಚಿತ್ರದಿಂದ ಕರ್ವನ್ನು ಅಂದಾಜಿಸುತ್ತದೆ. ಕೆಲಸ ಸುಲಭ, ನಿಜ. ಆದರೆ ನೀತಿಯನ್ನು ಕ್ಯಾಮೆರಾ ತಯಾರಕರಿಗೇ ಬಿಟ್ಟುಕೊಟ್ಟಂತೆ.

ಇನ್ನು ವರ್ಣ ಪ್ರೊಫೈಲು. ಸಂವೇದಕದ ಕೆಂಪು, ಹಸಿರು, ನೀಲಿಗಳು ನಮ್ಮ ಕಣ್ಣಿನವಲ್ಲ. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ವಿನಿಮಯ ದರಪಟ್ಟಿಯೇ ಕ್ಯಾಮೆರಾ ಪ್ರೊಫೈಲು. ಅಡೋಬಿಯ ತಂತ್ರಾಂಶಗಳಲ್ಲಿ 2018ರಿಂದ 'ಅಡೋಬಿ ಕಲರ್' ತಾನಾಗಿ ಬರುತ್ತದೆ. 'ಸ್ಟ್ಯಾಂಡರ್ಡ್', 'ನ್ಯೂಟ್ರಲ್', 'ಲ್ಯಾಂಡ್‌ಸ್ಕೇಪ್' ಮೊದಲಾದವೂ ಇವೆ. ಭೂದೃಶ್ಯಕ್ಕೆ ಲ್ಯಾಂಡ್‌ಸ್ಕೇಪ್ ಎಂದು ಹೆಸರು ನೋಡಿ ಆರಿಸುವುದು ವಾಡಿಕೆ. ಹಸಿರು ನೀಲಿಗಳನ್ನು ಉಬ್ಬಿಸುವ ಇಂತಹ ಪ್ರೊಫೈಲು ಮಲೆನಾಡಿಗೆ ಒಪ್ಪೀತು. ಬಯಲುಸೀಮೆಯ ಜಾಲಿಯ ಮಾಸಲು ಹಸಿರಿಗೆ, ಉಚ್ಚಂಗಿದುರ್ಗದ ಬೂದುಗಲ್ಲಿಗೆ, ಹಡಗಲಿ ಕಡೆಯ ಎರೆ ಹೊಲಕ್ಕೆ ಅದು ಸಲ್ಲದು; ನ್ಯೂಟ್ರಲ್‌ನಿಂದ ಆರಂಭಿಸಿ ಬೇಕಾದಷ್ಟೇ ಏರಿಸುವುದು ಕ್ಷೇಮ. ಇನ್ನೊಂದು ಎಚ್ಚರಿಕೆ: ಕೆಲವು ಪ್ರೊಫೈಲುಗಳ ಒಳಗೇ ಒಂದು ಟೋನ್ ಕರ್ವ್ ಇರುತ್ತದೆ. ಅದರ ಮೇಲೆ ನಮ್ಮದನ್ನೂ ಹೇರಿದರೆ ಒಂದೇ ಖರ್ಚನ್ನು ಎರಡು ಬಾರಿ ಬರೆದಂತಾಗುತ್ತದೆ. ನಿಖರತೆ ಬಯಸುವವರು 1976ರಿಂದ ಬಳಕೆಯಲ್ಲಿರುವ 24 ಚೌಕಗಳ ಕಲರ್‌ಚೆಕರ್ ಫಲಕವನ್ನು ಅದೇ ಬಿಸಿಲಿನಲ್ಲಿ ಚಿತ್ರಿಸಿ, ತಮ್ಮ ಕ್ಯಾಮೆರಾಕ್ಕೆ ತಾವೇ ಪ್ರೊಫೈಲು ತಯಾರಿಸಿಕೊಳ್ಳಬಹುದು.

ಇದೆಲ್ಲ ಗಣಕಯಂತ್ರ ತಂದ ತೊಡಕೆಂದು ಭಾವಿಸಬೇಕಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಸ್ಮಾರಕಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದನು. ಆ ಕಾಲದ ರಾಸಾಯನಿಕಗಳು ಮುಖ್ಯವಾಗಿ ನೀಲಿ ಬೆಳಕಿಗೆ ಸ್ಪಂದಿಸುತ್ತಿದ್ದುದರಿಂದ ಆಕಾಶ ಬಿಳಿಯಾಗಿಯೂ ಕೆಂಪು ವಸ್ತುಗಳು ಕಪ್ಪಾಗಿಯೂ ಮೂಡುತ್ತಿದ್ದವು. ಅದು ಆ ಕಾಲದ ಪ್ರೊಫೈಲು. ನೆರೆಯ ಸಂಡೂರಿನ ಎಂ. ವೈ. ಘೋರ್ಪಡೆಯವರು, 1972ರಿಂದ 1977ರವರೆಗೆ ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕಪ್ಪು ಬಿಳುಪಿನ ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾಗಿದ್ದರು. ಕತ್ತಲೆಕೋಣೆಯ ಯುಗದಲ್ಲಿ ಮುದ್ರಣ ಕಾಗದದ ಗ್ರೇಡನ್ನು ಆರಿಸುವುದೆಂದರೆ ಟೋನ್ ಕರ್ವನ್ನು ಆರಿಸುವುದೇ ಆಗಿತ್ತು. ಆಯವ್ಯಯ ಬಲ್ಲವರಿಗೆ ಈ ವಿದ್ಯೆ ಒಲಿಯದಿರಲು ಕಾರಣವಿಲ್ಲ!

ಹೊರಕಳುಹಿಸುವಾಗ ಬೇಕಾಗುವ ಪ್ರೊಫೈಲು ಬೇರೆಯೇ. ಮೊಬೈಲಿಗೂ ಅಂತರ್ಜಾಲಕ್ಕೂ ಎಸ್‌ಆರ್‌ಜಿಬಿ ಸಾಕು. ಅಡೋಬಿ ಆರ್‌ಜಿಬಿ ಕಡತವನ್ನು ಪ್ರೊಫೈಲು ಗುರುತಿಸದ ತಂತ್ರಾಂಶದಲ್ಲಿ ತೆರೆದರೆ ಬಣ್ಣ ಮಂಕಾಗುತ್ತದೆ. ಆಫ್‌ಸೆಟ್ ಮುದ್ರಣಕ್ಕಾದರೆ ಮುದ್ರಣಾಲಯದಿಂದ ಅವರ ಸಿಎಂವೈಕೆ ಪ್ರೊಫೈಲನ್ನು ಮೊದಲೇ ಕೇಳಿ ಪಡೆದು, ಪರದೆಯ ಮೇಲೆ ಸಾಫ್ಟ್ ಪ್ರೂಫ್ ನೋಡತಕ್ಕದ್ದು.

ಕ್ಯಾಲೆಂಡರಿನ ಸೂರ್ಯಾಸ್ತಕ್ಕೆ ಸ್ವಲ್ಪ ಬಣ್ಣ ಹೆಚ್ಚಾದರೆ ಯಾರೂ ದಾವೆ ಹೂಡುವುದಿಲ್ಲ. ಮಾರಾಟಕ್ಕಿಟ್ಟ ಜಮೀನಿನ ಚಿತ್ರ, ಭೌಗೋಳಿಕ ಸೂಚಿಕೆ ಪಡೆದ ಹಡಗಲಿ ಮಲ್ಲಿಗೆಯ ಚಿತ್ರ, ದೂರದ ಖರೀದಿದಾರರಿಗೆ ಕಳುಹಿಸುವ ಮೆಕ್ಕೆಜೋಳದ ಚಿತ್ರ, ಇವುಗಳಲ್ಲಿ ಬಣ್ಣವೇ ಸರಕಿನ ವಿವರಣೆ. ಇಲ್ಲಿ ಬೂದು ಕಾರ್ಡಿನಿಂದ ವೈಟ್ ಬ್ಯಾಲೆನ್ಸ್ ಹೊಂದಿಸಿ, ನ್ಯೂಟ್ರಲ್ ಪ್ರೊಫೈಲು ಹಾಗೂ ಮೆದುವಾದ ಕರ್ವನ್ನೇ ಬಳಸಿ, ಎಲ್ಲ ರಾಶಿಗಳಿಗೂ ಅದನ್ನೇ ಅನ್ವಯಿಸಬೇಕು. ತಂತ್ರಾಂಶವು ಈ ಆಯ್ಕೆಗಳನ್ನೆಲ್ಲ ಪಿಪಿ3 ಅಥವಾ ಎಕ್ಸ್‌ಎಂಪಿ ಎಂಬ ಪುಟ್ಟ ಜೊತೆಕಡತದಲ್ಲಿ ಬರೆದಿಡಬಲ್ಲದು. ರಾ ಕಡತದೊಂದಿಗೆ ಅದನ್ನೂ ಕಾಪಿಟ್ಟು, ಮುದ್ರಣದ ಆರ್ಡರ್ ಚೀಟಿಯಲ್ಲಿ ಕಡತದ ಹೆಸರನ್ನೂ ಪ್ರೊಫೈಲಿನ ಹೆಸರನ್ನೂ ನಮೂದಿಸಿದರೆ, ಬಣ್ಣದ ಬಗ್ಗೆ ತಕರಾರು ಬಂದಾಗ ಯಾವ ಹಂತದಲ್ಲಿ ಏನಾಯಿತೆಂದು ತಾಳೆ ನೋಡಬಹುದು.