ಮುಚ್ಚಳ ತೆಗೆದುಕೊಟ್ಟಾಗ ಕಂಡ ಗುಟ್ಟು

ಜೇನುಮರಿಗಳಿಗೆ ಬರುವ ಕಾಯಿಲೆಗಳಲ್ಲಿ ಜಗತ್ತಿನ ಜೇನುಕೃಷಿಕರು ತೀರ ಅಂಜುವುದು ಅಮೆರಿಕನ್ ಫೌಲ್‌ಬ್ರೂಡ್‌ಗೆ. ಎರಿಯ ಕಣದಲ್ಲಿ ಮೇಣದ ಮುಚ್ಚಳದಡಿ ಸತ್ತ ಮರಿ ಕೊಳೆತು ಕಂದು ಲೋಳೆಯಾಗುತ್ತದೆ. ಆ ಕಣದೊಳಗೆ ಬೆಂಕಿಕಡ್ಡಿ ಅದ್ದಿ ಎತ್ತಿದರೆ ಲೋಳೆ ಎಳೆಎಳೆಯಾಗಿ ಜಗ್ಗಿಕೊಂಡು ಬರುತ್ತದೆ. ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ದಶಕಗಟ್ಟಲೆ ಸಾಯುವುದಿಲ್ಲ. ಹಾಗಾಗಿ ರೋಗ ತಗಲಿದ ಪೆಟ್ಟಿಗೆಯನ್ನು ಎರಿ ಸಮೇತ ಸುಟ್ಟುಹಾಕುವುದೇ ಹಳೆಯ ರೂಢಿ.

ಆದರೆ ಕೆಲವು ಜೇನುಕುಟುಂಬಗಳು ಈ ಕಾಯಿಲೆಗೆ ಜಗ್ಗುತ್ತಿರಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಓ. ಡಬ್ಲ್ಯು. ಪಾರ್ಕ್ ಮತ್ತು ಜೊತೆಗಾರರು ಅಂಥ ಕುಟುಂಬಗಳನ್ನು ಆರಿಸಿ ಬೆಳೆಸತೊಡಗಿದರು. ಅವು ಉಳಿದುಕೊಳ್ಳುತ್ತಿದ್ದುದು ಹೇಗೆ ಎಂಬುದನ್ನು 1942ರಲ್ಲಿ ಸಂಶೋಧಕರಾದ ವುಡ್ರೋ ಮತ್ತು ಹೋಲ್ಸ್ಟ್ ಬಿಡಿಸಿ ತೋರಿಸಿದರು. ಆ ಗೂಡಿನ ಕೆಲಸಗಾರ ನೊಣಗಳು ಕಾಯಿಲೆಯ ಮರಿಯನ್ನು ಗುರುತಿಸಿ, ಬೀಜಾಣು ಕಟ್ಟುವ ಮೊದಲೇ ಎಳೆದು ಹೊರಹಾಕುತ್ತಿದ್ದವು. ಆಗ ರೋಗ ಹರಡಲು ದಾರಿಯೇ ಇರುತ್ತಿರಲಿಲ್ಲ.

ಈ ಶುಚಿತ್ವ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತದೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಸಂಶೋಧಕ ವಾಲ್ಟರ್ ರೋಥೆನ್‌ಬುಲರ್. ಅವರ ಬಳಿ ಎರಡು ತಳಿಗಳಿದ್ದವು. ಬ್ರೌನ್ ತಳಿ ಸತ್ತ ಮರಿಗಳನ್ನು ಬೇಗ ಹೊರಹಾಕುತ್ತಿತ್ತು. ವ್ಯಾನ್ ಸ್ಕಾಯ್ ತಳಿ ಹಾಗೇ ಬಿಟ್ಟುಬಿಡುತ್ತಿತ್ತು. ಎರಡನ್ನೂ ಕೂಡಿಸಿದಾಗ ಹುಟ್ಟಿದ ಮಿಶ್ರತಳಿಯ ನೊಣಗಳೂ ಶುಚಿ ಮಾಡಲಿಲ್ಲ. ಅಂದರೆ ತಾಯಿ, ತಂದೆ ಇಬ್ಬರಿಂದಲೂ ಬಂದರೆ ಮಾತ್ರ ತೋರುವ ಗುಣವಿದು.

ಮುಂದಿನ ಹೆಜ್ಜೆಗೆ ಜೇನಿನ ಹುಟ್ಟಿನ ರೀತಿಯೇ ನೆರವಾಯಿತು. ಗಂಡುನೊಣ ಹುಟ್ಟುವುದು ಫಲಿಸದ ಮೊಟ್ಟೆಯಿಂದ. ಅದರ ಮೈಯಲ್ಲಿರುವುದು ಒಂದೇ ಸೆಟ್ ವರ್ಣತಂತುಗಳಾದ್ದರಿಂದ ಅದರ ವೀರ್ಯಾಣುಗಳೆಲ್ಲ ಒಂದೇ ಬಗೆ. ರೋಥೆನ್‌ಬುಲರ್ ಮಿಶ್ರತಳಿಯ ಒಂದೊಂದೇ ಗಂಡಿನ ವೀರ್ಯವನ್ನು ಬ್ರೌನ್ ತಳಿಯ ಒಂದೊಂದು ರಾಣಿಗೆ ಕೃತಕವಾಗಿ ಸೇರಿಸಿದರು. ಹೀಗೆ ಬೆಳೆದ 29 ಕುಟುಂಬಗಳಿಗೆ ಸತ್ತ ಮರಿಗಳ ಎರಿ ಕೊಟ್ಟು ನೋಡಿದರು.

6 ಕುಟುಂಬಗಳು ಮುಚ್ಚಳ ಕಡಿದು ಸತ್ತ ಮರಿಗಳನ್ನು ಹೊರಹಾಕಿದವು. 9 ಕುಟುಂಬಗಳು ಮುಚ್ಚಳ ಬಿಚ್ಚಿದವು, ಆದರೆ ಮರಿಗಳನ್ನು ಮುಟ್ಟಲಿಲ್ಲ. ಉಳಿದ 14 ಏನೂ ಮಾಡಲಿಲ್ಲ.

ಆ 9 ಕುಟುಂಬಗಳನ್ನು ನೋಡಿದಾಗ ರೋಥೆನ್‌ಬುಲರ್‌ಗೆ ಹೊಳೆಯಿತು: ಬಿಚ್ಚುವುದು ಬೇರೆ, ಎತ್ತುವುದು ಬೇರೆ. ಹಾಗಿದ್ದರೆ ಏನೂ ಮಾಡದ 14ರಲ್ಲಿ, ಎತ್ತಬಲ್ಲ ಆದರೆ ಬಿಚ್ಚಲಾರದ ಕುಟುಂಬಗಳೂ ಅಡಗಿರಬೇಕಲ್ಲವೇ? ಅವರು ತಾವೇ ಆ ಕಣಗಳ ಮುಚ್ಚಳ ತೆಗೆದುಕೊಟ್ಟರು. 14ರಲ್ಲಿ 6 ಕುಟುಂಬಗಳು ಸತ್ತ ಮರಿಗಳನ್ನು ಎತ್ತಿ ಹೊರಹಾಕಿದವು! ಲೆಕ್ಕ ಈಗ 6, 9, 6, 8 ಆಯಿತು. ಎರಡು ಜೀನ್‌ಗಳು ಒಂದರ ಹಂಗಿಲ್ಲದೆ ಇನ್ನೊಂದು ಹಂಚಿಕೆಯಾದಾಗ ಸಿಗಬೇಕಾದ ನಾಲ್ಕು ಸಮಪಾಲುಗಳಿಗೆ ಇದು ಹತ್ತಿರವಾಗಿತ್ತು. 1964ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಒಂದು ಜೀವಿಯ ನಡವಳಿಕೆಯನ್ನೂ ಮೆಂಡೆಲ್‌ನ ಬಟಾಣಿಯಂತೆ ಬಿಡಿಸಿ ಎಣಿಸಬಹುದು ಎಂಬುದಕ್ಕೆ ಅದು ಪಠ್ಯಪುಸ್ತಕಗಳ ಉದಾಹರಣೆಯಾಯಿತು.

ಮುಂದಿನ ಸಂಶೋಧನೆ ಈ ಚಿತ್ರವನ್ನು ತಿದ್ದಿತು. ಮಿನೆಸೋಟ ವಿಶ್ವವಿದ್ಯಾಲಯದ ಮಾರ್ಲಾ ಸ್ಪಿವಾಕ್ ಇತರರ ಜೊತೆಗೂಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಈ ನಡವಳಿಕೆಯ ಹಿಂದೆ ಏಳು ಜೀನ್ ತಾಣಗಳಿರಬಹುದೆಂದು ಸೂಚಿಸಿತು. ಶುಚಿ ಮಾಡುವ ನೊಣಗಳ ಮೀಸೆಗೆ ಕಾಯಿಲೆ ಮರಿಯ ವಾಸನೆ ಹೆಚ್ಚು ಚುರುಕಾಗಿ ತಟ್ಟುತ್ತದೆ ಎಂಬುದನ್ನೂ ಅವರ ತಂಡ ತೋರಿಸಿತು. ಎರಡೇ ಜೀನ್‌ಗಳ ಲೆಕ್ಕ ನಿಲ್ಲದಿದ್ದರೂ, ಈ ಗುಣ ಹುಟ್ಟಿನಿಂದ ಬರುತ್ತದೆ, ಆರಿಸಿ ಬೆಳೆಸಬಹುದು ಎಂಬ ಮೂಲ ಮಾತು ಗಟ್ಟಿಯಾಗಿ ಉಳಿಯಿತು. ಸ್ಪಿವಾಕ್ ಅದನ್ನು ಜೇನುಕೃಷಿಕರ ಕೈಗೆ ತಲುಪಿಸಿದರು. ಎರಿಯ ಒಂದು ಭಾಗದ ಮರಿಗಳನ್ನು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ, ಮರುದಿನ ಎಷ್ಟು ಕಣ ಖಾಲಿಯಾಗಿವೆ ಎಂದು ಎಣಿಸಿದರೆ ಆಯಿತು. ಹೆಚ್ಚುಕಡಿಮೆ ಎಲ್ಲವನ್ನೂ ತೆರವು ಮಾಡಿದ ಕುಟುಂಬದಿಂದ ಮುಂದಿನ ರಾಣಿಗಳನ್ನು ಎಬ್ಬಿಸಬೇಕು.

ನಮ್ಮಲ್ಲೂ ಇದಕ್ಕೆ ಕಿವಿಗೊಡಲು ಕಾರಣವಿದೆ. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಕಾಯಿಲೆ ದಕ್ಷಿಣ ಭಾರತದ ತುಡುವೆ ಜೇನನ್ನು ನೆಲಕಚ್ಚಿಸಿತು. ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ವೈರಸ್‌ಗೆ ಮದ್ದಿಲ್ಲ, ಉಳಿದ ಕುಟುಂಬಗಳೇ ಆಸರೆ. ದ್ರವ ಸಾರಜನಕ ಸಿಗದ ಊರಲ್ಲೂ ಸಣ್ಣ ಸೂಜಿಯಿಂದ ಕೆಲವು ಮುಚ್ಚಿದ ಕಣಗಳ ಮರಿಗಳನ್ನು ಚುಚ್ಚಿ, ಮರುದಿನ ಪೆಟ್ಟಿಗೆ ತೆರೆದು ನೋಡಬಹುದು. ಕುಟುಂಬ ಪಾಲು ಮಾಡುವಾಗ ಜೇನು ಹೆಚ್ಚು ಕೊಟ್ಟ ಕುಟುಂಬವನ್ನು ಮಾತ್ರ ಆರಿಸುವುದು ನಮ್ಮ ವಾಡಿಕೆ. ತನ್ನ ಸತ್ತ ಮರಿಗಳನ್ನು ಬೇಗ ಹೊರಹಾಕುವ ಕುಟುಂಬವನ್ನೂ ಆ ಲೆಕ್ಕಕ್ಕೆ ಸೇರಿಸಿದರೆ, ಮದ್ದಿಗೆ ಕೈಚಾಚದ ಜೇನುಸಾಕಣೆಗೆ ಅದು ಒಳ್ಳೆಯ ಬುನಾದಿಯಾಗುತ್ತದೆ.